ಸಿಮ್ ರಿಗ್‌ಗೆ ಚಲನೆ: ಶೇಕರ್, ಬೆಲ್ಟ್, ಅಲ್ಲಾಡುವ ಸೀಟು, ನಾಲ್ಕು ಕಾಲಿನ ರಿಗ್, ಯಾವುದು ಯಾರಿಗೆ?

ಮನೆಯಲ್ಲೇ ಕಾರು ಓಡಿಸುವ ಆಟಕ್ಕೆಂದು ವೀಲ್ ಬಂತು, ಪೆಡಲ್ ಬಂತು, ಇವನ್ನೂ ಸೀಟನ್ನೂ ಹಿಡಿದಿಡುವ ಗಟ್ಟಿ ಚೌಕಟ್ಟು, ಅಂದರೆ ರಿಗ್ ಕೂಡ ಬಂತು. ಮೊದಲ ಒಂದೆರಡು ತಿಂಗಳು ಖುಷಿಯೋ ಖುಷಿ. ಆಮೇಲೆ ಒಂದು ಕೊರತೆ ಕಾಡತೊಡಗುತ್ತದೆ. ಪರದೆಯಲ್ಲಿ ಕಾರು ಓಡುತ್ತಿದೆ, ನಾನು ಮಾತ್ರ ಕುರ್ಚಿಯಲ್ಲಿ ಸುಮ್ನೆ ಕೂತಿದ್ದೇನೆ. ಬ್ರೇಕ್ ಒತ್ತಿದರೆ ಮೈ ಮುಂದಕ್ಕೆ ವಾಲುವುದಿಲ್ಲ. ತಿರುವಿನಲ್ಲಿ ಹಿಂದಿನ ಚಕ್ರ ಜಾರಿದ್ದು ಕಾರು ಅಡ್ಡ ತಿರುಗಿದ ಮೇಲೆಯೇ ಗೊತ್ತಾಗುತ್ತದೆ. ಆಗ ಶುರುವಾಗುತ್ತದೆ ಹುಡುಕಾಟ. ಸೀಟು ನಡುಗಿಸುವ ಶೇಕರ್ ಹಾಕಿಸಲೇ? ಅಲ್ಲಾಡುವ ಸೀಟು ತಗೊಳ್ಳಲೇ? ಇಡೀ ರಿಗ್ ಎತ್ತುವ ಮೋಟರ್ ಕಾಲು, ಅಂದರೆ ಆಕ್ಚುಯೇಟರ್‌ಗೆ ದುಡ್ಡು ಕೂಡಿಡಲೇ? ಈ ಪ್ರಶ್ನೆ ಹಿಡಿದು ಬರುವವರ ಜೊತೆ ನಾನು ಗಂಟೆಗಟ್ಟಲೆ ಮಾತಾಡಿದ್ದೇನೆ. ಅದನ್ನೆಲ್ಲ ಒಂದು ಕಡೆ ಬರೆದಿಡುವ ಪ್ರಯತ್ನ ಇದು.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ರಿಗ್ ಜಾಸ್ತಿ ಅಲ್ಲಾಡಿದಷ್ಟೂ ಜಾಸ್ತಿ ನಿಜ ಅನಿಸುತ್ತದೆ ಎಂಬುದು ತಪ್ಪು ಲೆಕ್ಕ. ಸರಿಯಾದ ಹೊತ್ತಿಗೆ, ಸರಿಯಾದ ದಿಕ್ಕಿಗೆ ಬಂದ ಒಂದು ಪುಟ್ಟ ತಳ್ಳು ಸಾಕು, ಮೈ ನಂಬುತ್ತದೆ. ತಡವಾಗಿ ಬಂದ ದೊಡ್ಡ ತಳ್ಳು ಹೊಟ್ಟೆ ತೊಳಸುತ್ತದೆ ಅಷ್ಟೇ. ಯಾಕೆ ಹೀಗೆ ಎಂದು ತಿಳಿದುಕೊಂಡರೆ ಆಯ್ಕೆ ಅರ್ಧ ಮುಗಿದಂತೆ.

ಮೈ ಏನನ್ನು ನಂಬುತ್ತದೆ

ಸ್ಟೇಷನ್‌ನಲ್ಲಿ ನಿಂತ ರೈಲಿನಲ್ಲಿ ಕೂತಿರುತ್ತೀರಿ. ಪಕ್ಕದ ಹಳಿಯ ರೈಲು ಹೊರಡುತ್ತದೆ. ನಮ್ಮದೇ ಹೊರಟಿತು ಅನಿಸುತ್ತದೆ, ಅಲ್ವಾ? ಚಲನೆಯ ಭ್ರಮೆ ಹುಟ್ಟಿಸಲು ಕಣ್ಣೊಂದೇ ಸಾಕು. ಚಲನೆಯೇ ಇಲ್ಲದ ರಿಗ್‌ನಲ್ಲೂ ನಮಗೆ ವೇಗ ಸಿಗುವುದು ಹೀಗೆ. ಆದರೆ ಕಣ್ಣು ನಿಧಾನ. ಬದಲಾವಣೆಯ ಮೊದಲ ಕ್ಷಣವನ್ನು ಹಿಡಿಯುವುದು ಒಳಕಿವಿ, ಜೊತೆಗೆ ಬೆನ್ನು, ತೊಡೆ, ಭುಜದ ಚರ್ಮ.

ಒಳಕಿವಿಯಲ್ಲಿ ಎರಡು ಏರ್ಪಾಡುಗಳಿವೆ. ಅರ್ಧ ಬಳೆಯಂಥ ಮೂರು ಕೊಳವೆಗಳು ತಲೆ ತಿರುಗುವುದನ್ನು ಗುರುತಿಸುತ್ತವೆ. ಇನ್ನೊಂದು ಜಾಗದಲ್ಲಿ ಸುಣ್ಣದ ಪುಟ್ಟ ಹರಳುಗಳು ಜೆಲ್ಲಿಯಂಥ ಪದರದ ಮೇಲೆ ಕೂತಿವೆ. ವೇಗ ಏರಿದಾಗ, ಇಳಿದಾಗ ಅವು ಜಾರುತ್ತವೆ. ಒಂದೇ ವೇಗದಲ್ಲಿ ನೇರ ರಸ್ತೆಯಲ್ಲಿ ಹೋಗುತ್ತಿದ್ದರೆ ಎರಡಕ್ಕೂ ಕೆಲಸವಿಲ್ಲ. ಗಂಟೆಗೆ 100 ಕಿಲೋಮೀಟರ್ ಆದರೂ ಅಷ್ಟೇ, ನಿಂತಿದ್ದರೂ ಅಷ್ಟೇ. ಹಾಗಾಗಿ ಸಿಮ್ಯುಲೇಟರ್ ನಮ್ಮ ಮೈಗೆ ವೇಗವನ್ನು ಕೊಡಬೇಕಿಲ್ಲ. ವೇಗ ಬದಲಾಗುವ ಗಳಿಗೆಯನ್ನು ಕೊಟ್ಟರೆ ಸಾಕು.

ಆ ಹರಳುಗಳಿಗೆ ಒಂದು ಮಿತಿ ಇದೆ. ನಾವು ಹಿಂದಕ್ಕೆ ಓರೆಯಾಗಿ ಕೂತಿದ್ದೇವೋ, ಇಲ್ಲಾ ಕಾರು ಮುಂದಕ್ಕೆ ನುಗ್ಗುತ್ತಿದೆಯೋ, ಅವಕ್ಕೆ ಎರಡೂ ಒಂದೇ. ಸಿಮ್ಯುಲೇಟರ್ ಕಟ್ಟುವವರ ದೊಡ್ಡ ಉಪಾಯ ಹುಟ್ಟಿದ್ದು ಇಲ್ಲೇ. ಕೂತವರನ್ನು ಪರದೆಯ ಸಮೇತ ನಿಧಾನಕ್ಕೆ ಹಿಂದಕ್ಕೆ ಬಾಗಿಸಿ, ಭೂಮಿಯ ಸೆಳೆತವೇ ಬೆನ್ನನ್ನು ಸೀಟಿಗೆ ಒತ್ತುವಂತೆ ಮಾಡುತ್ತಾರೆ. ಬಾಗುವ ವೇಗ ಸೆಕೆಂಡಿಗೆ ಸುಮಾರು 3 ಡಿಗ್ರಿ ದಾಟದಂತೆ ನೋಡಿಕೊಳ್ಳುತ್ತಾರೆ. ದಾಟಿದರೆ ಆ ಅರ್ಧ ಬಳೆಯ ಕೊಳವೆಗಳು ಗುಟ್ಟು ಬಿಟ್ಟುಕೊಡುತ್ತವೆ.

ಈಗ ಲೆಕ್ಕ ಹಾಕಿ. ಭೂಮಿಯ ಸೆಳೆತದ ಹತ್ತನೇ ಒಂದು ಭಾಗ, ಅಂದರೆ 0.1 ಜಿ ಅನುಭವಕ್ಕೆ ಸುಮಾರು 6 ಡಿಗ್ರಿ ಬಾಗಬೇಕು. ಸೆಕೆಂಡಿಗೆ 3 ಡಿಗ್ರಿಯಂತೆ ಅದಕ್ಕೇ 2 ಸೆಕೆಂಡ್ ಬೇಕು. ಒಣ ರಸ್ತೆಯಲ್ಲಿ ಸಾಮಾನ್ಯ ಕಾರಿನ ಬ್ರೇಕನ್ನು ಗಟ್ಟಿಯಾಗಿ ಒತ್ತಿದರೆ 0.8 ಜಿ ಆಸುಪಾಸು ಬರುತ್ತದೆ. ಅಷ್ಟನ್ನು ಬಾಗಿಯೇ ಕೊಡಬೇಕಾದರೆ 50 ಡಿಗ್ರಿ ದಾಟಬೇಕು. ಸೀಟಿನಿಂದ ಜಾರಿ ಬೀಳುತ್ತೀರಿ.

ಬಾಗುವುದು ಬೇಡ, ನಿಜವಾಗಿ ಮುಂದಕ್ಕೇ ತಳ್ಳೋಣ ಅಂದರೆ? 0.3 ಜಿಯಷ್ಟು ತಳ್ಳನ್ನು ಒಂದು ಸೆಕೆಂಡ್ ಕೊಡಲು ಒಂದೂವರೆ ಮೀಟರ್ ಜಾಗ ಬೇಕು. ಆಮೇಲೆ ನಿಲ್ಲಿಸಲು ಇನ್ನಷ್ಟು ಜಾಗ. ಟೊಯೋಟಾ ಕಂಪನಿ ಜಪಾನಿನ ಸುಸೊನೊದಲ್ಲಿರುವ ತನ್ನ ಕೇಂದ್ರದಲ್ಲಿ 2007ರಲ್ಲಿ ಪರಿಚಯಿಸಿದ ಸಿಮ್ಯುಲೇಟರ್‌ನಲ್ಲಿ 7.1 ಮೀಟರ್ ಅಗಲದ ಗುಮ್ಮಟದೊಳಗೆ ಕಾರೇ ಇರುತ್ತದೆ. ಆ ಗುಮ್ಮಟ 35 ಮೀಟರ್ ಉದ್ದಕ್ಕೂ 20 ಮೀಟರ್ ಅಡ್ಡಕ್ಕೂ ಓಡಾಡುತ್ತದೆ. ಅಷ್ಟು ಜಾಗವಿದ್ದರೂ 0.3 ಜಿಯಲ್ಲಿ ಮೂರೂವರೆ ಸೆಕೆಂಡ್ ಹೊತ್ತಿಗೆ ಅರ್ಧ ಹಳಿ ಮುಗಿಯುತ್ತದೆ. ಉಳಿದರ್ಧ ನಿಲ್ಲಿಸಲು ಬೇಕು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ದೊಡ್ಡ ಸಿಮ್ಯುಲೇಟರ್‌ಗೂ ಸುಮಾರು 20 ಮೀಟರ್ ಚೌಕದ ಅಂಗಳ ಇದೆ. ಅದಕ್ಕೂ ಇದೇ ಕಟ್ಟುಪಾಡು.

ಅಂದಮೇಲೆ ಯಾವ ಯಂತ್ರವೂ ಕಾರಿನ ಚಲನೆಯನ್ನು ಪೂರ್ತಿ ಕೊಡಲಾರದು. ಯಾವ ಭಾಗವನ್ನು ಕೊಡುವುದು, ಯಾವುದನ್ನು ಬಿಡುವುದು ಎಂಬುದೇ ಪ್ರಶ್ನೆ. ನೀವು ಅಂಗಡಿಯಲ್ಲಿ ನಿಂತು ಮಾಡುವ ಆಯ್ಕೆಯೂ ಅದೇ.

ಕೊಡಬಾರದ ಚಲನೆ ಕೊಟ್ಟರೆ ಏನಾಗುತ್ತದೆ ಎಂಬುದು ಘಾಟಿ ಬಸ್ಸಿನಲ್ಲಿ ಹೋದವರಿಗೆಲ್ಲ ಗೊತ್ತು. ಆಗುಂಬೆಯಲ್ಲೋ ಚಾರ್ಮಾಡಿಯಲ್ಲೋ ಮೊಬೈಲ್ ನೋಡುತ್ತ ಕೂತವರಿಗೆ ವಾಂತಿ ಬರುತ್ತದೆ. ಡ್ರೈವರ್‌ಗೆ ಏನೂ ಆಗುವುದಿಲ್ಲ. ಅವರ ಕೈಯೇ ಸ್ಟೀರಿಂಗ್ ತಿರುಗಿಸಿದ್ದರಿಂದ ಮೈಗೆ ಮುಂದೇನು ಬರುತ್ತದೆಂದು ಮೊದಲೇ ಗೊತ್ತು. ಕಣ್ಣು ಹೇಳಿದ್ದಕ್ಕೂ ಕಿವಿ ಹೇಳಿದ್ದಕ್ಕೂ ತಾಳೆ ಬೀಳುತ್ತದೆ. ರಿಗ್‌ನಲ್ಲಿ ಈ ತಾಳೆ ತಪ್ಪಿದರೆ, ನೀವೇ ಡ್ರೈವರ್ ಆಗಿದ್ದರೂ ಹಿಂದಿನ ಸೀಟಿನವರ ಪಾಡು ನಿಮ್ಮದಾಗುತ್ತದೆ.

ಏನನ್ನು ನೋಡಿ ಆರಿಸಬೇಕು

ಮೊದಲನೆಯದು, ಆ ಸಾಧನ ಯಾವ ಸುದ್ದಿಯನ್ನು ಮೈಗೆ ತಲುಪಿಸುತ್ತದೆ ಎಂಬುದು. ಟೈರ್ ಜಾರುವುದೋ, ಬ್ರೇಕಿನ ಭಾರವೋ, ರಸ್ತೆಯ ಗುಂಡಿಯೋ, ಕಾರಿನ ಹಿಂಬದಿ ತಿರುಗುವುದೋ? ಒಂದೊಂದು ಸಾಧನ ಒಂದೊಂದರಲ್ಲಿ ಗಟ್ಟಿ.

ಎರಡನೆಯದು ತಡ. ಆಟದಿಂದ ಮಾಹಿತಿ ಹೊರಟು, ಸಾಫ್ಟ್‌ವೇರ್ ದಾಟಿ, ಕಂಟ್ರೋಲರ್ ದಾಟಿ, ಮೋಟರ್ ತಿರುಗುವ ಹೊತ್ತಿಗೆ ಪರದೆ ಮುಂದಿನ ಚಿತ್ರಕ್ಕೆ ಹೋಗಿರಬಾರದು. ಎಷ್ಟು ಇಂಚು ಏಳುತ್ತದೆ ಎಂದು ಎಲ್ಲರೂ ಕೇಳುತ್ತಾರೆ, ಎಷ್ಟು ಬೇಗ ಏಳುತ್ತದೆ ಎಂದು ಕೇಳುವವರು ಕಡಿಮೆ. ಎರಡನೇ ಪ್ರಶ್ನೆಯೇ ಮುಖ್ಯ.

ಮೂರನೆಯದು ನಿಮ್ಮ ಓಟದ ಬಗೆ. ಸರ್ಕ್ಯೂಟ್ ರೇಸ್, ರ‍್ಯಾಲಿ, ಕಾರನ್ನು ಬೇಕೆಂದೇ ಜಾರಿಸುವ ಡ್ರಿಫ್ಟ್, ಲಾರಿ ಓಡಿಸುವ ಆಟ, ಹೊಸಬರಿಗೆ ಡ್ರೈವಿಂಗ್ ಕಲಿಸುವುದು, ಇವಕ್ಕೆಲ್ಲ ಬೇಕಾದದ್ದು ಬೇರೆ ಬೇರೆ.

ನಾಲ್ಕನೆಯದು ಮನೆ. ಬಾಡಿಗೆ ಫ್ಲ್ಯಾಟಿನ ಮೂರನೇ ಮಹಡಿಯೋ, ಸ್ವಂತ ಮನೆಯ ನೆಲದಂತಸ್ತೋ? ಕೆಳಗಿನ ಮನೆಯಲ್ಲಿ ಮಗು ಮಲಗುತ್ತದೆಯೇ? ರಿಗ್ ಬಾಗಿದಾಗ ಗೋಡೆಗೆ ತಾಗುತ್ತದೆಯೇ? ದುಡ್ಡು ಕೊನೆಯದು. ಬರೀ ಕೊಳ್ಳುವ ದುಡ್ಡಲ್ಲ, ಹೊರದೇಶದಿಂದ ತರಿಸಿದ್ದು ಕೆಟ್ಟರೆ ಬಿಡಿಭಾಗ ಬರುವವರೆಗೆ ಕಾಯುವ ತಾಳ್ಮೆಯೂ ಲೆಕ್ಕಕ್ಕೆ ಬರಬೇಕು.

ಎಲ್ಲಕ್ಕಿಂತ ಮೊದಲು ಕೈ ಮತ್ತು ಕಣ್ಣು

ಚಲನೆಗೆ ದುಡ್ಡು ಹಾಕುವ ಮುಂಚೆ ವೀಲ್ ನೋಡಿಕೊಳ್ಳಿ. ಮುಂದಿನ ಟೈರ್ ಹಿಡಿತ ಬಿಡುವ ಮೊದಲು ಸ್ಟೀರಿಂಗ್ ಹಗುರಾಗುತ್ತದೆ. ಆ ಹಗುರ ಕೈಗೆ ಸಿಕ್ಕರೆ ಅದೂ ಚಲನೆಯ ಸುದ್ದಿಯೇ. ಗೇರ್ ಇರುವ ಲಾಜಿಟೆಕ್ ಜಿ29 ಥರದ ವೀಲ್ ಕೊಡುವುದು ಸುಮಾರು 2 ನ್ಯೂಟನ್ ಮೀಟರ್ ತಿರುಗಿಸುವ ಬಲ, ಅದರಲ್ಲೂ ಸೂಕ್ಷ್ಮ ಬದಲಾವಣೆಗಳು ಗೇರಿನ ಹಲ್ಲುಗಳ ನಡುವೆ ಕಳೆದುಹೋಗುತ್ತವೆ. ಮೋಜಾ ಆರ್5 ಥರದ ಸಣ್ಣ ಡೈರೆಕ್ಟ್ ಡ್ರೈವ್ ವೀಲ್ ಕೂಡ 5.5 ನ್ಯೂಟನ್ ಮೀಟರ್ ಕೊಡುತ್ತದೆ, ನಡುವೆ ಗೇರೂ ಇಲ್ಲ, ಬೆಲ್ಟೂ ಇಲ್ಲ. ಗೇರ್ ವೀಲ್ ಇಟ್ಟುಕೊಂಡು ಆಕ್ಚುಯೇಟರ್ ಕೊಳ್ಳುವುದು ನನ್ನ ಪ್ರಕಾರ ಉಲ್ಟಾ ಕ್ರಮ. ಪೆಡಲ್ ಕೂಡ ಹಾಗೆಯೇ. ಎಷ್ಟು ದೂರ ಹೋಯಿತು ಎನ್ನುವುದನ್ನು ಬಿಟ್ಟು ಎಷ್ಟು ಒತ್ತಿದಿರಿ ಎಂದು ಅಳೆಯುವ ಲೋಡ್ ಸೆಲ್ ಬ್ರೇಕ್ ಇದ್ದರೆ ಕಾಲಿಗೆ ನೆನಪು ಬೆಳೆಯುತ್ತದೆ.

ಪರದೆಯ ದೂರ ಮತ್ತು ನೋಟದ ಅಗಲ ಸರಿ ಹೊಂದಿಸಲು ಒಂದು ಪೈಸೆಯೂ ಬೇಡ. ಎಲ್ಲವೂ ಕಾಣಲಿ ಎಂದು ನೋಟವನ್ನು ಅಗಲ ಮಾಡಿದರೆ ವೇಗ ಸುಳ್ಳಾಗಿ ಜಾಸ್ತಿ ಕಾಣುತ್ತದೆ. ಆಮೇಲೆ ಯಾವ ಯಂತ್ರ ಹಾಕಿದರೂ ಅದಕ್ಕೆ ತಾಳೆ ಆಗುವುದಿಲ್ಲ. ಆನ್‌ಲೈನ್ ರೇಸ್‌ನಲ್ಲಿ ತುಂಬಾ ವೇಗವಾಗಿ ಓಡಿಸುವ ಬಹಳ ಮಂದಿ ಇಂದಿಗೂ ಅಲ್ಲಾಡದ ರಿಗ್‌ನಲ್ಲೇ ಕೂರುತ್ತಾರೆ ಎಂಬುದನ್ನೂ ನೆನಪಿಡಿ. ಲ್ಯಾಪ್ ಸಮಯ ಒಂದೇ ಗುರಿಯಾಗಿದ್ದರೆ ನೀವು ಇಲ್ಲಿಗೇ ನಿಲ್ಲಿಸಬಹುದು.

ಶೇಕರ್: ಕಡಿಮೆ ದುಡ್ಡಿಗೆ ಜಾಸ್ತಿ ಸುದ್ದಿ

ಶೇಕರ್ ಅಂದರೆ ಕೋನ್ ಇಲ್ಲದ ಸ್ಪೀಕರ್ ಅಂದುಕೊಳ್ಳಿ. ಗಾಳಿಯನ್ನು ಅಲುಗಿಸುವ ಬದಲು ಸೀಟನ್ನೇ ಅಲುಗಿಸುತ್ತದೆ. ಡೇಟನ್ ಕಂಪನಿಯ ಬಿಲ್ಲೆಯಂಥ ಸಣ್ಣ ಪಕ್‌ಗಳಿವೆ, ಅದಕ್ಕಿಂತ ಭಾರದ ಬಟ್‌ಕಿಕರ್ ಇದೆ. ಒಂದು ಆಂಪ್ಲಿಫಯರ್ ಬೋರ್ಡ್, ಕಂಪ್ಯೂಟರಿಗೆ ಒಂದು ಹೆಚ್ಚುವರಿ ಸೌಂಡ್ ಕಾರ್ಡ್, ಆಟದ ಮಾಹಿತಿಯನ್ನು ನಡುಕವಾಗಿ ಬದಲಿಸುವ ಸಿಮ್‌ಹಬ್ ಸಾಫ್ಟ್‌ವೇರ್. ಖರ್ಚು ಸಾವಿರಗಳಲ್ಲಿ ಮುಗಿಯುತ್ತದೆ.

ನನಗೆ ಶೇಕರ್ ಮೇಲೆ ವಿಶೇಷ ಪ್ರೀತಿ. ಕಾರಣ, ಇದು ಒಳಕಿವಿಯ ಜೊತೆ ಜಗಳಕ್ಕೇ ಹೋಗುವುದಿಲ್ಲ. ತಲೆ ಇದ್ದಲ್ಲೇ ಇರುತ್ತದೆ, ಚರ್ಮಕ್ಕೆ ಮಾತ್ರ ಸುದ್ದಿ. ಹೊಟ್ಟೆ ತೊಳಸುವ ಪ್ರಶ್ನೆ ಬಹುತೇಕ ಇಲ್ಲ. ನಿಜವಾದ ಕಾರಿನಲ್ಲೂ ನಾವು ಎಷ್ಟೊಂದನ್ನು ನಡುಕದಿಂದಲೇ ತಿಳಿಯುತ್ತೇವೆ ಯೋಚಿಸಿ. ನಾಲ್ಕು ಸಿಲಿಂಡರ್ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗಿದರೆ ಸೆಕೆಂಡಿಗೆ 50 ಸಲ ಸಿಡಿಯುತ್ತದೆ. ಆ 50 ಹರ್ಟ್ಜ್ ನಡುಕ ಶೇಕರ್‌ಗೆ ಹೇಳಿ ಮಾಡಿಸಿದ್ದು.

ಆದರೆ ಹೊಸಬರು ಮಾಡುವ ತಪ್ಪೂ ಇಲ್ಲೇ. ಎಂಜಿನ್ ನಡುಕವನ್ನು ಜೋರಾಗಿ ಇಟ್ಟು ಬಿಡುತ್ತಾರೆ. ಮೊದಲ ದಿನ ಮಜಾ. ಎರಡನೇ ವಾರಕ್ಕೆ ಆ ಗದ್ದಲದಲ್ಲಿ ಬೇರೆ ಯಾವುದೂ ಕೇಳಿಸುವುದಿಲ್ಲ. ಎಂಜಿನ್ ಪರಿಣಾಮವನ್ನು ಬಹಳ ಕಡಿಮೆ ಮಾಡಿ, ಇಲ್ಲವೇ ಪೂರ್ತಿ ತೆಗೆಯಿರಿ. ಪೆಡಲ್ ತಟ್ಟೆಯ ಕೆಳಗೆ ಒಂದು ಶೇಕರ್ ಹಾಕಿ, ಅದಕ್ಕೆ ಮುಂದಿನ ಚಕ್ರ ಲಾಕ್ ಆಗುವ, ಅಂದರೆ ತಿರುಗುವುದು ನಿಂತು ಜಾರುವ ಸುದ್ದಿ ಒಂದನ್ನೇ ಕೊಡಿ. ಸೀಟಿನ ಕೆಳಗಿನ ಶೇಕರ್‌ಗೆ ಹಿಂದಿನ ಚಕ್ರ ಜಾರುವುದು, ಟ್ರ್ಯಾಕಿನ ಅಂಚಿನ ಉಬ್ಬು, ಗೇರ್ ಬದಲಾವಣೆ. ಬ್ರೇಕ್ ಎಲ್ಲಿ ಸಡಿಲಿಸಬೇಕು ಎಂದು ಕಾಲಿಗೇ ಗೊತ್ತಾಗುವ ದಿನ ನಿಮಗೆ ಅದರ ಬೆಲೆ ತಿಳಿಯುತ್ತದೆ.

ಕೊರತೆ ಏನೆಂದರೆ ಭಾರ ಸಿಗುವುದಿಲ್ಲ. ತಿರುವಿನಲ್ಲಿ ಮೈ ಹೊರಕ್ಕೆ ಎಳೆಯುವುದು, ಬ್ರೇಕಿಗೆ ಮುಂದಕ್ಕೆ ಬೀಳುವುದು ಶೇಕರ್‌ನಿಂದ ಆಗದ ಕೆಲಸ. ಮತ್ತೆ ಕೆಳಗಿನ ಮನೆ. 30-40 ಹರ್ಟ್ಜ್ ನಡುಕ ಕಾಂಕ್ರೀಟಿನ ಮೂಲಕ ಸಲೀಸಾಗಿ ಇಳಿಯುತ್ತದೆ. ನಿಮ್ಮ ಕೋಣೆಯಲ್ಲಿ ಸದ್ದೇ ಇಲ್ಲ ಅನಿಸಬಹುದು, ಕೆಳಗಿನವರಿಗೆ ಗುಂಯ್ ಎನ್ನುತ್ತಿರುತ್ತದೆ. ರಿಗ್‌ನ ಕಾಲಿಗೆ ದಪ್ಪ ರಬ್ಬರ್ ಹಾಕಿ. ಅದಕ್ಕಿಂತಲೂ ಸೀಟು ಮತ್ತು ರಿಗ್ ನಡುವೆ ರಬ್ಬರ್ ಬುಷ್ ಕೂರಿಸಿದರೆ ನಡುಕ ಸೀಟಿನಲ್ಲೇ ಉಳಿಯುತ್ತದೆ, ಶೇಕರ್ ಸಣ್ಣದಾದರೂ ಸಾಕಾಗುತ್ತದೆ.

ಬೆಲ್ಟ್ ಟೆನ್ಷನರ್

ರೇಸ್ ಸೀಟಿನ ಭುಜದ ಬೆಲ್ಟನ್ನು ಮೋಟರ್ ಎಳೆಯುತ್ತದೆ. ಬ್ರೇಕ್ ಒತ್ತಿದಷ್ಟೂ ಬಿಗಿ. ನಿಜವಾದ ಕಾರಿನಲ್ಲಿ ಮೈ ಬೆಲ್ಟಿನ ಮೇಲೆ ಬೀಳುತ್ತದೆ, ಇಲ್ಲಿ ಬೆಲ್ಟ್ ಮೈಯನ್ನು ಒತ್ತುತ್ತದೆ. ಭುಜಕ್ಕೆ ಎರಡೂ ಒಂದೇ ಥರ. ಬಾಗುವ ಯಂತ್ರಕ್ಕೆ ಸ್ವಲ್ಪವೇ ಆಗುವ ಒಂದು ಕೆಲಸ ಇದಕ್ಕೆ ಚೆನ್ನಾಗಿ ಆಗುತ್ತದೆ. ಐದು ಸೆಕೆಂಡಿನ ಉದ್ದ ಬ್ರೇಕ್ ಇದ್ದರೆ ಐದು ಸೆಕೆಂಡೂ ಭಾರ ಹಿಡಿದಿಟ್ಟುಕೊಳ್ಳುತ್ತದೆ. ಸರ್ಕ್ಯೂಟ್ ರೇಸ್ ಓಡಿಸುವವರಿಗೆ, ಅದರಲ್ಲೂ ಬ್ರೇಕಿನ ಮೇಲೆ ಕೆಲಸ ಮಾಡುವವರಿಗೆ, ಬರೀ ಸೀಟನ್ನು ಅಲ್ಲಾಡಿಸುವ ಸೀಟ್ ಮೂವರ್‌ಗಿಂತ ಇದನ್ನೇ ಮೊದಲು ಹೇಳುತ್ತೇನೆ. ಸೆಖೆಗಾಲದಲ್ಲಿ ಬೆಲ್ಟ್ ಕಟ್ಟಿಕೊಂಡು ಒಂದು ಗಂಟೆ ಕೂರುವುದು ಸ್ವಲ್ಪ ಕಷ್ಟ. ಸಾಮಾನ್ಯ ಕಾರಿನ ಸೀಟು, ಆಫೀಸ್ ಕುರ್ಚಿಗೆ ಆಗುವುದಿಲ್ಲ, ಬೆಲ್ಟ್ ತೂರಿಸುವ ಕಿಂಡಿ ಇರುವ ಸೀಟೇ ಬೇಕು.

ಸೀಟು ಅಲ್ಲಾಡಬೇಕೋ, ಇಡೀ ರಿಗ್ ಏಳಬೇಕೋ

ಜಾಸ್ತಿ ಗೊಂದಲ ಇರುವುದು ಇಲ್ಲಿ.

ಸೀಟ್ ಮೂವರ್‌ನಲ್ಲಿ ಸೀಟು ಮಾತ್ರ ಮುಂದೆ ಹಿಂದೆ ಬಾಗುತ್ತದೆ, ಅಕ್ಕಪಕ್ಕ ವಾಲುತ್ತದೆ. ನೆಕ್ಸ್ಟ್ ಲೆವೆಲ್ ರೇಸಿಂಗ್‌ನ ಮೋಷನ್ ಪ್ಲಾಟ್‌ಫಾರ್ಮ್ ಈ ಜಾತಿಯದು. ಜಾಗ ಕಡಿಮೆ ಸಾಕು, ಇರುವ ರಿಗ್‌ಗೇ ಕೂರಿಸಬಹುದು, ಮೋಟರ್‌ಗೆ ಎತ್ತಬೇಕಾದ ಭಾರ ನೀವೊಬ್ಬರೇ. ತೊಂದರೆ ಏನೆಂದರೆ ಸೀಟು ಚಲಿಸುತ್ತದೆ, ವೀಲ್ ಮತ್ತು ಪೆಡಲ್ ಚಲಿಸುವುದಿಲ್ಲ. ಬ್ರೇಕ್ ಒತ್ತಿದ ಕೂಡಲೇ ಸೀಟು ಮುಂದಕ್ಕೆ ಬಾಗಿದರೆ ಕಾಲು ಇನ್ನಷ್ಟು ಒತ್ತುತ್ತದೆ. ಲೋಡ್ ಸೆಲ್ ಪೆಡಲ್‌ಗೆ ಅದು ಜಾಸ್ತಿ ಬ್ರೇಕ್ ಎಂದೇ ಅರ್ಥ. ನಾನು ಮೊದಲು ಹಳೆಯದೊಂದು ಸೀಟ್ ಮೂವರ್ ಕೊಂಡಾಗ ಚಲನೆಯನ್ನು ಪೂರ್ತಿ ಏರಿಸಿದ್ದೆ. ಬಂದ ಸ್ನೇಹಿತರೆಲ್ಲ ಹತ್ತು ನಿಮಿಷ ಕೂತು ಸೂಪರ್ ಎಂದರು. ನನಗೆ ಮಾತ್ರ ಪ್ರತಿ ತಿರುವಿನಲ್ಲೂ ಚಕ್ರ ಲಾಕ್ ಆಗುತ್ತಿತ್ತು, ಸಂಜೆಗೆ ಸೊಂಟ ನೋವು. ಮೂರನೇ ಒಂದು ಭಾಗಕ್ಕೆ ಇಳಿಸಿದ ಮೇಲೆ ಬ್ರೇಕ್ ಹಿಡಿತಕ್ಕೆ ಬಂತು. ಆಗ ಕಾರು ಕೂಡ ಹೆಚ್ಚು ನಿಜವಾಯಿತು.

ನಾಲ್ಕು ಮೂಲೆಗೆ ನಾಲ್ಕು ಆಕ್ಚುಯೇಟರ್ ಇಟ್ಟು ಇಡೀ ರಿಗ್ ಎತ್ತುವ ವ್ಯವಸ್ಥೆಯಲ್ಲಿ ಈ ತೊಂದರೆ ಇಲ್ಲ. ಕೈ, ಕಾಲು, ಸೀಟು ಒಟ್ಟಿಗೆ ಚಲಿಸುತ್ತವೆ. ಕೆನಡಾದ ಡಿ-ಬಾಕ್ಸ್ ಕಂಪನಿಯದು ಇದೇ ಬಗೆ. ಮನೆಯಲ್ಲೇ ಕಟ್ಟುವವರಿಗೆ ಎಸ್‌ಎಫ್‌ಎಕ್ಸ್-100 ಎಂಬ ಮುಕ್ತ ವಿನ್ಯಾಸವಿದೆ. ಆ 100 ಅಂದರೆ 100 ಮಿಲಿಮೀಟರ್, ಕಾಲು ಏಳುವ ಎತ್ತರ.

ಈ 100 ಮಿಲಿಮೀಟರನ್ನು ಒಮ್ಮೆ ಲೆಕ್ಕಕ್ಕೆ ಹಾಕಿ. ಮುಂದಿನ ಕಾಲಿಗೂ ಹಿಂದಿನ ಕಾಲಿಗೂ 1.2 ಮೀಟರ್ ಅಂತರ ಇದೆ ಅನ್ನಿ. ಹಿಂದಿನದು ಪೂರ್ತಿ ಏರಿ ಮುಂದಿನದು ಪೂರ್ತಿ ಇಳಿದರೂ ರಿಗ್ 5 ಡಿಗ್ರಿಯೊಳಗೇ ಬಾಗುತ್ತದೆ. ಅದು ಕೊಡುವುದು ಸುಮಾರು 0.08 ಜಿ. ಗಟ್ಟಿ ಬ್ರೇಕಿನ 0.8 ಜಿಗೆ ಹೋಲಿಸಿದರೆ ಹತ್ತರಲ್ಲಿ ಒಂದು ಪಾಲು. ಒಂದೂವರೆ ಇಂಚು ಏಳುವ ಸಣ್ಣ ಆಕ್ಚುಯೇಟರ್ ಆದರೆ 0.03 ಜಿ ಮಾತ್ರ. ಹಾಗಾದರೆ ಇಷ್ಟು ದುಡ್ಡು ಯಾತಕ್ಕೆ? ಈ ಯಂತ್ರಗಳ ಶಕ್ತಿ ಇರುವುದು ಬಾಗಿಸಿ ಹಿಡಿಯುವುದರಲ್ಲಿ ಅಲ್ಲ. ಹಂಪ್ ಹತ್ತಿದ ಗಳಿಗೆ, ಗುಂಡಿಗೆ ಇಳಿದ ಚಕ್ರ, ಟ್ರ್ಯಾಕಿನ ಅಂಚು ಹತ್ತಿ ಇಳಿಯುವುದು, ಸಸ್ಪೆನ್ಷನ್ ಕೂತು ಏಳುವುದು, ಇವನ್ನು ಅಳತೆ ತಪ್ಪದೆ, ತಡವಿಲ್ಲದೆ ಕೊಡುವುದರಲ್ಲಿ. ಕೆಂಪು ಬಸ್ಸಿನ ಕೊನೆಯ ಸೀಟಿನಲ್ಲಿ ಕೂತವರಿಗೆ ಆ ಮೇಲೆ ಕೆಳಗಿನ ಭಾಷೆ ಚೆನ್ನಾಗಿ ಗೊತ್ತು. ಸೀಟ್ ಮೂವರ್‌ಗೆ ಆ ಮೇಲೆ ಕೆಳಗೆ ಆಗುವುದೇ ಇಲ್ಲ.

ಇನ್ನೊಂದು ಅನುಕೂಲವೂ ಇದೆ. ಬ್ರೇಕ್ ಹಾಕಿದಾಗ ನಿಜವಾದ ಕಾರಿನ ಮೂತಿ ಕೆಳಗಾಗುತ್ತದೆ. ಮೈಯನ್ನು ಮುಂದಕ್ಕೆ ಬೀಳಿಸಲು ರಿಗ್ ಬಾಗಬೇಕಾದ ದಿಕ್ಕೂ ಅದೇ. ತಿರುವಿನಲ್ಲಿ ಕಾರು ಹೊರಗಡೆಗೆ ವಾಲುತ್ತದೆ, ಮೈಯೂ ಹೊರಗಡೆಗೆ ಎಳೆಯುತ್ತದೆ. ಎರಡೂ ಒಂದೇ ದಿಕ್ಕು. ಹಾಗಾಗಿ ಕಡಿಮೆ ಎತ್ತರದಲ್ಲೂ ಸುಳ್ಳು ಅನಿಸುವ ಚಲನೆ ಬರುವುದು ಅಪರೂಪ.

ಬೆಲೆ ಲಕ್ಷಗಳಲ್ಲಿ. ಜೊತೆಗೆ ರಿಗ್ ಸ್ವತಃ ಬಾಗದಷ್ಟು ಗಟ್ಟಿ ಇರಬೇಕು, ದಪ್ಪ ಅಲ್ಯೂಮಿನಿಯಂ ಪ್ರೊಫೈಲ್ ಆದರೆ ಒಳ್ಳೆಯದು. ರಿಗ್, ಸೀಟು, ಪರದೆ, ಮನುಷ್ಯ ಸೇರಿ 150 ಕಿಲೋ ಸುಲಭವಾಗಿ ಆಗುತ್ತದೆ. ಆರ್‌ಸಿಸಿ ನೆಲಕ್ಕೆ ಅದು ಭಾರವಲ್ಲ, ಮಂಗಳೂರು ಹೆಂಚಿನ ಮನೆಯ ಮರದ ಅಟ್ಟಕ್ಕೆ ಬೇಡ.

ನೀವೇ ಕಟ್ಟುವುದಾದರೆ ದುಡ್ಡು ಉಳಿಯುತ್ತದೆ, ಕಲಿಯುವುದೂ ಬಹಳ ಇದೆ. ಆದರೆ ಮೋಟರ್ ನಡೆಸುವ ಸರ್ವೋ ಡ್ರೈವ್‌ಗೆ ಮನೆಯ 230 ವೋಲ್ಟ್ ನೇರ ಹೋಗುತ್ತದೆ. ಅರ್ತಿಂಗ್ ಸರಿಯಿಲ್ಲದ ಮನೆಯಲ್ಲಿ ಕೈ ಹಾಕಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಈ ಡ್ರೈವ್‌ಗಳಿಂದ ಸ್ವಲ್ಪ ಕರೆಂಟ್ ಅರ್ತ್‌ಗೆ ಸೋರುವುದರಿಂದ, ಸೋರಿಕೆ ಕಂಡರೆ ಕರೆಂಟ್ ಕಡಿಯುವ ಮನೆಯ ಸ್ವಿಚ್ಚು, ಅಂದರೆ ಆರ್‌ಸಿಸಿಬಿ ಮತ್ತೆ ಮತ್ತೆ ಬೀಳಬಹುದು. ಮೋಟರ್ ವೈರು ಪಕ್ಕದಲ್ಲೇ ಯುಎಸ್‌ಬಿ ಕೇಬಲ್ ಹೋದರೆ ರೇಸ್ ನಡುವೆ ಪೆಡಲ್ ಕಳೆದುಹೋಗುತ್ತದೆ. ಎರಡನ್ನೂ ದೂರ ಇಡಿ. ಇನ್ನು, ಕೊಂಡದ್ದಾಗಲಿ ಕಟ್ಟಿದ್ದಾಗಲಿ, ಕೈಗೆ ಸಿಗುವಂತೆ ಕೆಂಪು ಎಮರ್ಜೆನ್ಸಿ ಸ್ವಿಚ್ ಇರಲೇಬೇಕು. ಮಕ್ಕಳು, ಬೆಕ್ಕು ಇರುವ ಮನೆಯಲ್ಲಿ ಬಾಗಿಲು ಹಾಕದೆ ಆನ್ ಮಾಡಬೇಡಿ. 150 ಕಿಲೋ ಕೆಳಗೆ ಬರುವಾಗ ಅಡಿಯಲ್ಲಿ ಏನಿದೆ ಎಂದು ಮೋಟರ್‌ಗೆ ಗೊತ್ತಾಗುವುದಿಲ್ಲ.

ಹಿಂಬದಿ ಜಾರುವ ರಿಗ್, ಆರು ಕಾಲಿನ ಪ್ಲಾಟ್‌ಫಾರ್ಮ್

ಟ್ರ್ಯಾಕ್ಷನ್ ಲಾಸ್ ಎಂದು ಕರೆಯುವ ವ್ಯವಸ್ಥೆಯಲ್ಲಿ ರಿಗ್‌ನ ಹಿಂಭಾಗ ಹಳಿಯ ಮೇಲೆ ಎಡಕ್ಕೆ ಬಲಕ್ಕೆ ಜಾರುತ್ತದೆ. ಕಾರು ತಿರುಗಲು ಶುರುವಾದದ್ದು ಕಣ್ಣಿಗಿಂತ ಮೊದಲೇ ಮೈಗೆ ಗೊತ್ತಾಗುತ್ತದೆ. ಡ್ರಿಫ್ಟ್, ರ‍್ಯಾಲಿ ಪ್ರಿಯರಿಗೆ ಇದರಷ್ಟು ತೃಪ್ತಿ ಕೊಡುವುದು ಬೇರೆ ಇಲ್ಲ. ನೆಲದಲ್ಲಿ ಜಾಗ ಮಾತ್ರ ಜಾಸ್ತಿ ಬೇಕು. ಹಿಡಿತ ಬಿಡದ ಹಾಗೆ ಓಡಿಸುವ ಸರ್ಕ್ಯೂಟ್ ಚಾಲಕರಿಗೆ ಅದು ಹೆಚ್ಚು ಹೊತ್ತು ಸುಮ್ಮನೇ ನಿಂತಿರುತ್ತದೆ.

ಆರು ಕಾಲಿನ ಪ್ಲಾಟ್‌ಫಾರ್ಮ್ ಆರು ಬಗೆಯಲ್ಲಿ ಚಲಿಸುತ್ತದೆ: ಮೂರು ದಿಕ್ಕಿಗೆ ಸರಿಯುತ್ತದೆ, ಮೂರು ಬಗೆಯಲ್ಲಿ ತಿರುಗುತ್ತದೆ. ಇಂಥದ್ದೊಂದನ್ನು 1950ರ ದಶಕದಲ್ಲಿ ಇಂಗ್ಲೆಂಡಿನ ಡನ್‌ಲಪ್ ಕಂಪನಿಯ ಎರಿಕ್ ಗಫ್ ಕಟ್ಟಿದ್ದು ಟೈರ್ ಪರೀಕ್ಷೆಗೆ. 1965ರಲ್ಲಿ ಸ್ಟೀವರ್ಟ್ ಎಂಬವರ ಪ್ರಬಂಧದಿಂದ ಅದಕ್ಕೆ ಅವರ ಹೆಸರು ಅಂಟಿತು, ಆಮೇಲೆ ಪೈಲಟ್ ತರಬೇತಿಯ ಸಿಮ್ಯುಲೇಟರ್‌ಗಳ ತಳಪಾಯವೇ ಆಯಿತು. ಮನೆಗೆ? ವಿಮಾನವನ್ನೂ ಕಾರನ್ನೂ ಒಂದೇ ರಿಗ್‌ನಲ್ಲಿ ಓಡಿಸುವವರು, ಎತ್ತರದ ಸೂರು ಇರುವವರು ಯೋಚಿಸಬಹುದು. ಕಾರು ಮಾತ್ರ ಎಂದಾದರೆ, ನಿಧಾನದ ಆರು ಕಾಲಿಗಿಂತ ಚುರುಕಾದ ನಾಲ್ಕು ಕಾಲು ಮೇಲು. ಒಂದೇ ಬೆಲೆಗೆ ಎರಡೂ ಸಿಗುತ್ತಿದ್ದರೆ ನಾನು ಎರಡನೆಯದನ್ನೇ ಆರಿಸುತ್ತೇನೆ.

ಪರದೆ ಎಲ್ಲಿ ನಿಲ್ಲಬೇಕು

ಚಲಿಸುವ ರಿಗ್ ಕೊಂಡವರು ಇದನ್ನು ಕೊನೆಗೆ ಯೋಚಿಸುತ್ತಾರೆ. ಪರದೆ ರಿಗ್ ಮೇಲೇ ಇದ್ದರೆ ನೀವು ಬಾಗಿದ್ದು ಕಣ್ಣಿಗೆ ಕಾಣುವುದಿಲ್ಲ, ಹಾಗಾಗಿ ಭಾರ ಬಂದಂತೆ ಅನಿಸುತ್ತದೆ. ಆದರೆ ಮೂರು ದೊಡ್ಡ ಮಾನಿಟರ್ ಹೊತ್ತು ರಿಗ್ ಕುಣಿದರೆ ಪರದೆಗಳೂ ನಡುಗುತ್ತವೆ. ಪರದೆ ನೆಲದ ಮೇಲೆ ಬೇರೆ ನಿಂತರೆ ನಡುಕ ಇಲ್ಲ, ಆದರೆ ನೀವು ವಾಲಿದಾಗ ರಸ್ತೆಯೇ ವಾಲಿದಂತೆ ಕಾಣುತ್ತದೆ. ಒಂದೂವರೆ ಇಂಚಿನ ಚಲನೆಗೆ ಯಾವುದಾದರೂ ಸರಿ. ಅದಕ್ಕಿಂತ ದೊಡ್ಡದಾದರೆ ರಿಗ್ ಮೇಲೆ ಒಂದೇ ಅಗಲದ ಪರದೆ ನನ್ನ ಆಯ್ಕೆ.

ವಿಆರ್ ಹೆಡ್‌ಸೆಟ್ ಬಳಸುವವರಿಗೆ ಇನ್ನೊಂದು ಗಂಟು. ರಿಗ್ ಏರಿದರೆ ನಿಮ್ಮ ತಲೆ ಏರಿತು ಎಂದು ಹೆಡ್‌ಸೆಟ್ ತಿಳಿಯುತ್ತದೆ, ಕಾರಿನೊಳಗೆ ನೀವೇ ಎದ್ದು ಕೂತಂತೆ ತೋರಿಸುತ್ತದೆ. ಇದನ್ನು ಕಳೆಯುವ ಮೋಷನ್ ಕಾಂಪೆನ್ಸೇಷನ್ ಸಾಫ್ಟ್‌ವೇರ್ ಇದೆ. ಅದನ್ನು ಹೊಂದಿಸದೆ ಹಾಗೇ ಓಡಿಸಬೇಡಿ.

ನಿಮ್ಮ ಪರಿಸ್ಥಿತಿಗೆ

ಬಾಡಿಗೆ ಫ್ಲ್ಯಾಟ್, ಕಡಿಮೆ ದುಡ್ಡು: ಎರಡು ಶೇಕರ್, ರಬ್ಬರ್ ಬುಷ್, ಒಳ್ಳೆಯ ವೀಲ್. ಸದ್ಯಕ್ಕೆ ಮುಂದೆ ಹೋಗಬೇಡಿ. ಮನೆ ಬದಲಿಸುವಾಗ ಒಂದು ಚೀಲದಲ್ಲಿ ಹೋಗುತ್ತದೆ.

ಸರ್ಕ್ಯೂಟ್ ರೇಸ್ ಓಡಿಸುವವರು, ಸ್ವಲ್ಪ ಜಾಸ್ತಿ ಖರ್ಚು ಮಾಡಬಲ್ಲವರು: ಶೇಕರ್ ಜೊತೆಗೆ ಬೆಲ್ಟ್ ಟೆನ್ಷನರ್. ಲಕ್ಷಗಳಿದ್ದರೆ ಅದರ ಮೇಲೆ ನಾಲ್ಕು ಸಣ್ಣ ಆಕ್ಚುಯೇಟರ್. ಸೀಟ್ ಮೂವರ್ ಅನ್ನು ನಡುವಿನ ಮೆಟ್ಟಿಲು ಎಂದು ಕೊಳ್ಳಬೇಡಿ. ಮುಂದೆ ನಾಲ್ಕು ಕಾಲಿಗೆ ಹೋಗುವ ಮನಸ್ಸಿದ್ದರೆ ಆ ದುಡ್ಡು ಕೂಡಿಡುವುದೇ ಲಾಭ.

ರ‍್ಯಾಲಿಯವರಿಗೆ ನಾಲ್ಕು ಕಾಲು ದೊಡ್ಡ ಎತ್ತರದ್ದೇ ಬೇಕು, ಜಾಗವಿದ್ದರೆ ಹಿಂಬದಿ ಜಾರುವುದೂ ಇರಲಿ. ಯೂರೋ ಟ್ರಕ್ ಸಿಮ್ಯುಲೇಟರ್ ಥರದ ಲಾರಿ ಆಟದವರಿಗೆ ಸೀಟ್ ಮೂವರ್ ನಿಜಕ್ಕೂ ಹೊಂದುತ್ತದೆ. ಅಲ್ಲಿ ಚಲನೆಯೆಲ್ಲ ನಿಧಾನ, ಬ್ರೇಕಿನ ಅಳತೆ ತಪ್ಪಿದರೂ ಓಟ ಕೆಡುವುದಿಲ್ಲ, ನಿಜವಾದ ಲಾರಿಯಲ್ಲೂ ಚಾಲಕನ ಸೀಟು ಬೇರೆಯಾಗಿಯೇ ಅಲ್ಲಾಡುತ್ತದೆ.

ಡ್ರೈವಿಂಗ್ ಸ್ಕೂಲ್ ನಡೆಸುವವರಿಗೆ ಬೇರೆ ಮಾತು. ಊರೊಳಗಿನ ಓಟವೇ ಸಿಮ್ಯುಲೇಟರ್‌ನಲ್ಲಿ ಜಾಸ್ತಿ ತಲೆ ತಿರುಗಿಸುವುದು. ಸಿಗ್ನಲ್‌ನಲ್ಲಿ ನಿಲ್ಲು, ಹೊರಡು, ಸರ್ಕಲ್‌ನಲ್ಲಿ ಪೂರ್ತಿ ಎಡಕ್ಕೆ ತಿರುಗು. ಹೊಸಬರನ್ನು, ವಯಸ್ಸಾದವರನ್ನು ದೊಡ್ಡ ಚಲನೆಯ ಯಂತ್ರದಲ್ಲಿ ಕೂರಿಸಿದರೆ ಹತ್ತು ನಿಮಿಷಕ್ಕೆ ಇಳಿದು ಹೋಗುತ್ತಾರೆ. ಅಗಲದ ಪರದೆ, ಗಟ್ಟಿ ಕ್ಲಚ್, ಶೇಕರ್ ಹಾಕಿ. ಹಾಫ್ ಕ್ಲಚ್‌ನಲ್ಲಿ ಕಾರು ನಡುಗುವ ಆ ಗಳಿಗೆಯನ್ನು ಶೇಕರ್ ಕಾಲಿಗೂ ಸೀಟಿಗೂ ಚೆನ್ನಾಗಿ ತಲುಪಿಸುತ್ತದೆ. ಕಲಿಯುವವರು ಹುಡುಕುತ್ತಿರುವುದು ಅದನ್ನೇ ಅಲ್ವಾ? ಚಲನೆಯಿರುವ ಯಂತ್ರ ಇಟ್ಟರೂ ಮೊದಲ ಕೆಲವು ಪಾಠ ಹೆದ್ದಾರಿಯ ನೇರ ರಸ್ತೆಯಲ್ಲಿ ಇರಲಿ.

ದುಡ್ಡು ಕೊಡುವ ಮುಂಚೆ

ಯಾವುದನ್ನೇ ಕೊಳ್ಳಿ, ಕನಿಷ್ಠ ಇಪ್ಪತ್ತು ನಿಮಿಷ ಕೂತು ನೋಡಿ. ಎರಡು ನಿಮಿಷದ ಡೆಮೊದಲ್ಲಿ ಜಾಸ್ತಿ ಕುಣಿಯುವುದೇ ಗೆಲ್ಲುತ್ತದೆ. ಚಲನೆಯನ್ನು ಅರ್ಧಕ್ಕೆ ಇಳಿಸಿ ಎಂದು ಕೇಳಿ. ಕಾರಿನ ಚಲನೆಯನ್ನು ಇದ್ದಷ್ಟೇ ಕೊಡುವುದಕ್ಕಿಂತ ಸ್ವಲ್ಪ ಇಳಿಸಿ ಕೊಟ್ಟರೆ ಜನ ಅದನ್ನೇ ನಿಜ ಎನ್ನುತ್ತಾರೆ ಎಂಬುದು ಸಂಶೋಧಕರು ಮತ್ತೆ ಮತ್ತೆ ಕಂಡ ವಿಷಯ. ನೇರ ರಸ್ತೆಯಲ್ಲಿ ಎಡಕ್ಕೆ ಬಲಕ್ಕೆ ಹಾವಿನಂತೆ ಓಡಿಸಿ. ಸ್ಟೀರಿಂಗ್ ತಿರುಗಿಸಿದ ಮೇಲೆ ರಿಗ್ ಹಿಂದೆ ಬೀಳುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಆಮೇಲೆ ನಿಮಗೆ ಹೇಳದೆ ಒಂದು ಲ್ಯಾಪ್ ನಡುವೆ ಚಲನೆ ನಿಲ್ಲಿಸಲು ಜೊತೆಯವರಿಗೆ ಹೇಳಿಡಿ. ನಿಂತ ಕೂಡಲೇ ಕಾರಿನ ಹಿಡಿತ ತಪ್ಪಿದಂತೆ ಅನಿಸಿದರೆ ಆ ಯಂತ್ರ ನಿಮಗೆ ಸುದ್ದಿ ಕೊಡುತ್ತಿತ್ತು ಎಂದರ್ಥ. ಹಾಯ್ ಅನಿಸಿದರೆ ಕೊಳ್ಳಬೇಡಿ.

ಇಳಿದ ಮೇಲೆ ತಲೆ ಭಾರ, ಬೆವರು, ಬಾಯಲ್ಲಿ ನೀರೂರುವುದು ಏನಾದರೂ ಇದೆಯೇ ನೋಡಿಕೊಳ್ಳಿ. ಇದ್ದರೆ ಕೂಡಲೇ ಬೈಕ್ ಹತ್ತಬೇಡಿ. ಅರ್ಧ ಗಂಟೆ ಕೂತು, ಒಂದು ಟೀ ಕುಡಿದು, ಆಮೇಲೆ ಹೊರಡಿ.